ಮುನ್ನೂರ ಹನ್ನೆರಡು ಪದಗಳ ಕಳ್ಳ

ಕಳ್ಳ ನನ್ನ ಮನೆಗೆ ಮೊದಲ ಸಲ ಬಂದಿದ್ದು ಒಂದು ಸೋಮವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ. ಬಾಗಿಲು ಒಡೆಯಲಿಲ್ಲ, ಕಿಟಕಿ ಮುರಿಯಲಿಲ್ಲ, ಒಂದು ಚಮಚ ಮುಟ್ಟಲಿಲ್ಲ. ಮುನ್ನೂರ ಹನ್ನೆರಡು ಪದ ಹೊತ್ತುಕೊಂಡು ಹೋದ, ಅಷ್ಟೇ. ಅವನು ಬಂದ ಮೇಲೆಯೇ ನನ್ನ ಮನೆಗೆ ಬೇರೆಯವರೂ ಬರೋಕೆ ಶುರು ಮಾಡಿದ್ದು. ಹಾಗಾಗಿ ಆ ಕಳ್ಳನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ನಗಬೇಡಿ, ಪೂರ್ತಿ ಕೇಳಿ.

ನಾನು ಸರ್ಕಾರಿ ಕಚೇರಿಯೊಂದರ ನಕಲು ವಿಭಾಗದ ಗುಮಾಸ್ತ. ಇಪ್ಪತ್ತಾರು ವರ್ಷದಿಂದ ಅದೇ ಮೇಜು. ಜನ ಅರ್ಜಿ ಕೊಡುತ್ತಾರೆ, ನಾನು ಹಳೇ ಕಡತ ಹುಡುಕಿ, ಪ್ರತಿ ತೆಗೆದು, ‘ಮೂಲದಂತೆ ಇದೆ’ ಅಂತ ಮೊಹರು ಒತ್ತಿ ಕೊಡುತ್ತೇನೆ. ನಮ್ಮಲ್ಲೊಂದು ಪದ್ಧತಿ: ಹೊರಗೆ ಹೋಗುವ ಪ್ರತಿಗೆ ಒಳಗೊಂದು ಪ್ರತಿ ಇರಬೇಕು. ಒಳಗಿನದು ಕಳೆದುಹೋದರೆ? ಅದಕ್ಕೂ ಒಂದು ಪ್ರತಿ. ಇದನ್ನು ಯಾವ ಪುಣ್ಯಾತ್ಮ ಶುರು ಮಾಡಿದನೋ, ನನ್ನ ರಕ್ತಕ್ಕೆ ಇಳಿದುಬಿಟ್ಟಿದೆ. ಮನೆ ಬೀಗಕ್ಕೆ ನಾಲ್ಕು ಕೀ ಮಾಡಿಸಿಟ್ಟಿದ್ದೇನೆ. ನಾಲ್ಕೂ ನನ್ನ ಹತ್ತಿರವೇ ಇವೆ, ಕೊಡೋಕೆ ಯಾರೂ ಇಲ್ಲ.

ಹೌದು, ನಾನು ಒಬ್ಬನೇ. ಮದುವೆ ಎರಡು ಸಲ ಕೂಡಿಬಂದು ಎರಡು ಸಲವೂ ತಪ್ಪಿತು, ಆ ಕತೆ ಇಲ್ಲಿ ಬೇಡ. ಮೊದಲ ಮಹಡಿಯಲ್ಲಿ ಎರಡು ಕೋಣೆ. ಕೆಳಗೆ ಮನೆ ಓನರಮ್ಮ. ಎದುರು ಬಾಗಿಲಿನಲ್ಲಿ ರಿಟೈರಾದ ಲೆಕ್ಕದ ಮೇಷ್ಟ್ರು. ಮೇಲೆ ತಾರಸಿ ಕೋಣೆಯಲ್ಲಿ ಪ್ಯಾಂಟು ಗಿಡ್ಡ ಮಾಡಿ, ಜಿಪ್ ಬದಲಿಸಿ ಕೊಡುವ ಒಬ್ಬ ಟೈಲರ್. ಅವನ ಮಿಷನ್ ಸದ್ದು ಕೇಳಿದ್ದೆನೇ ಹೊರತು ಮುಖ ಸರಿಯಾಗಿ ನೋಡಿರಲಿಲ್ಲ. ನನ್ನ ಮನೆಗೆ ಬಂದು ಕೂತವರು ಅಂತ ಯಾರೂ ಇರಲಿಲ್ಲ. ನಾಲ್ಕು ಕುರ್ಚಿ ತಂದಿಟ್ಟಿದ್ದೆ. ಮೂರರ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದಿರಲಿಲ್ಲ. ಯಾರಾದರೂ ಬರಲಿ, ಕೂರಲಿ, ‘ಟೀಗೆ ಸಕ್ಕರೆ ಕಮ್ಮಿ ಆಯ್ತು’ ಅಂತ ತಪ್ಪಾದರೂ ಹುಡುಕಲಿ ಅನ್ನೋದು ನನ್ನ ಆಸೆ. ಬೇರೆ ಆಸೆ ಇಲ್ಲ.

ಈ ಏಕಾಂತದಲ್ಲಿ ನನಗೆ ಒಂದು ವಿದ್ಯೆ ಸಿದ್ಧಿಸಿತ್ತು. ಇಬ್ಬರು ಮಾಡುವ ಕೆಲಸವನ್ನು ಒಬ್ಬನೇ ಮಾಡುವುದು ಹೇಗೆ ಅನ್ನೋ ವಿದ್ಯೆ. ಅದನ್ನು ಲೋಕಕ್ಕೆ ಹಂಚೋಣ ಅಂತ ಇಂಟರ್ನೆಟ್ಟಿನಲ್ಲಿ ‘ಒಬ್ಬರ ಮನೆವಾರ್ತೆ’ ಅಂತ ಒಂದು ಪುಟ ತೆರೆದೆ. ಬೆನ್ನಿಗೆ ಸೌಟಿನಿಂದ ಮುಲಾಮು ಹಚ್ಚಿಕೊಳ್ಳುವ ವಿಧಾನ. ಬೀರು ಒಬ್ಬರೇ ಸರಿಸುವುದು. ಅರ್ಧ ಈರುಳ್ಳಿಯನ್ನು ಮೂರು ದಿನ ಕಾಪಾಡುವುದು. ಕಳಶಪ್ರಾಯವಾಗಿ, ಡಬಲ್ ಬೆಡ್‌ಶೀಟನ್ನು ಒಬ್ಬರೇ ಮಡಿಸುವ ವಿಧಾನ: ಒಂದು ಅಂಚು ಗದ್ದದ ಕೆಳಗೆ, ಒಂದು ಗೋಡೆಯ ಮೊಳೆಗೆ, ಮಂಡಿ ಮಧ್ಯದಲ್ಲಿ. ಸರಿಯಾಗಿ ಮುನ್ನೂರ ಹನ್ನೆರಡು ಪದ, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

ಪುಟ ಇದ್ದ ಮೇಲೆ ಪ್ರತಿ ಬೇಡವೇ? ಬೀದಿ ಕೊನೆಯ ಕಂಪ್ಯೂಟರ್ ಅಂಗಡಿಯವರನ್ನು ಕರೆಸಿದೆ. ಬೋಳು ತಲೆ, ಯಾವಾಗಲೂ ಅವಸರ. ಅವರು ಎರಡು ಸಾಫ್ಟ್‌ವೇರ್ ಹಾಕಿಕೊಟ್ಟರು. ಮೊದಲನೆಯದು ದಿನಾ ಬೆಳಿಗ್ಗೆ ತಾನಾಗಿ ನನ್ನ ಪುಟ ತೆರೆದು, ಮೇಲಿನ ಲೇಖನ ಪೂರ್ತಿ ಕಾಪಿ ಮಾಡಿ, ಮೂರು ಕಡೆ ಇಡುತ್ತದೆ.

“ಮೂರು ಕಡೆ ಯಾಕೆ ಸರ್?” ಅಂದರು.

“ಪದ್ಧತಿ,” ಅಂದೆ.

“ಎರಡನೇದು ಕಳ್ಳರಿಗೆ. ಯಾರಾದ್ರೂ ನಿಮ್ಮ ಪುಟದಿಂದ ಒಂದು ಸಾಲು ಕಾಪಿ ಮಾಡಿದ್ರೂ ನಿಮಗೆ ಮೇಲ್ ಬರುತ್ತೆ. ಎಷ್ಟು ಪದ, ಎಷ್ಟು ಹೊತ್ತಿಗೆ, ಎಲ್ಲಾ ಇರುತ್ತೆ.”

“ಯಾರು ಅಂತ?”

“ಅದು ಮೇಲಲ್ಲಿ ಇರಲ್ಲ ಸರ್. ಬೇಕಾದ್ರೆ ಆಮೇಲೆ ಕೂತು ಹುಡುಕಬೇಕು.”

ನೀವು ಜಾಣರು, ನಿಮಗೆ ಈಗಾಗಲೇ ಗೊತ್ತಾಗಿರಬಹುದು. ನನಗೆ ಗೊತ್ತಾಗೋಕೆ ಹನ್ನೊಂದು ದಿನ ಬೇಕಾಯಿತು.

ಆ ಸೋಮವಾರ ಹಲ್ಲುಜ್ಜುತ್ತಾ ಬಂದು ನೋಡಿದರೆ ಮೇಲ್ ಕೂತಿದೆ: ‘ಬೆಳಿಗ್ಗೆ 6.10. ನಿಮ್ಮ ಪುಟದಿಂದ 312 ಪದಗಳು ನಕಲಾಗಿವೆ.’ ನನಗೆ ಭೂಮಿ ಮೇಲೆ ಕಾಲು ನಿಲ್ಲಲಿಲ್ಲ. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಎದುರು ಮನೆ ಮೇಷ್ಟ್ರ ಬಾಗಿಲು ತಟ್ಟಿದೆ.

“ಮೇಷ್ಟ್ರೇ, ನನಗೊಬ್ಬ ಓದುಗ ಸಿಕ್ಕಿದಾನೆ!”

“ಹೌದಾ, ಸಂತೋಷ,” ಅಂದು ಮೇಷ್ಟ್ರು ಪೇಪರಿನ ಪುಟ ತಿರುಗಿಸಿದರು. ಬಾಗಿಲು ಹಾಕಿಕೊಂಡರು.

ಮಂಗಳವಾರ ಮತ್ತೆ 6.10, ಮತ್ತೆ ಮುನ್ನೂರ ಹನ್ನೆರಡು. ಈ ಸಲ ನಾನು ಮಾತು ಬದಲಿಸಿದೆ.

“ಮೇಷ್ಟ್ರೇ, ನನ್ನ ಮನೆಗೆ ಕಳ್ಳ ಬಿದ್ದಿದಾನೆ.”

ಪೇಪರ್ ಕೆಳಗೆ ಬಿತ್ತು. “ಕಳ್ಳನಾ! ಎಲ್ಲಿ? ಯಾವಾಗ? ರೀ, ಒಳಗೆ ನಡೀರಿ, ನಡೀರಿ!” ಅಂದವರು ಅವರ ಮನೆಯೊಳಕ್ಕಲ್ಲ, ನನ್ನ ಮನೆಯೊಳಕ್ಕೇ ನುಗ್ಗಿದರು. ಬಂದು ಕವರ್ ಇದ್ದ ಕುರ್ಚಿಯ ಮೇಲೆ ಚರಚರ ಅಂತ ಕೂತರು. ಆ ಸದ್ದು ನನ್ನ ಕಿವಿಗೆ ಎಷ್ಟು ಹಿತವಾಗಿತ್ತು ಅಂತ ಹೇಳಲಾರೆ.

ಓದುಗ ಇದ್ದಾನೆ ಅಂದರೆ ಯಾರೂ ತಿರುಗಿ ನೋಡೋದಿಲ್ಲ, ಕಳ್ಳ ಇದ್ದಾನೆ ಅಂದರೆ ಊರೇ ಬರುತ್ತದೆ. ಸಂಜೆಯೊಳಗೆ ಓನರಮ್ಮ ಬಂದರು, ಬರಿಗೈಯಲ್ಲಲ್ಲ, ಡಬ್ಬಿ ತುಂಬ ಬಿಸಿ ತಿಂಡಿಯ ಜೊತೆ. ನನ್ನ ಪುಟವನ್ನು ಜೀವಮಾನದಲ್ಲಿ ಮೊದಲ ಸಲ ಓದಿದರು. ಓದುತ್ತಾ ಓದುತ್ತಾ ಮೂಗಿನ ಮೇಲೆ ಬೆರಳಿಟ್ಟುಕೊಂಡರು.

“ಅಲ್ಲಾ ರೀ, ನೀವು ಬೆನ್ನಿಗೆ ಸೌಟಲ್ಲಿ ಮುಲಾಮು ಹಚ್ಕೊಳ್ತೀರಾ?”

“ಸೌಟಿನ ಹಿಂಭಾಗದಲ್ಲಿ. ಬಟ್ಟೆ ಸುತ್ತಿ.”

“ಅಯ್ಯೋ ದೇವರೇ. ಅದೇ ಸೌಟಲ್ಲಿ ಸಾರು ಬಡಿಸ್ಕೊಳ್ತೀರಾ?”

“ಅದಕ್ಕೆ ಬೇರೆ ಇದೆ. ಎರಡು ಪ್ರತಿ ಇಟ್ಟಿದೀನಿ,” ಅಂದೆ.

ದಿನಾ ಸಂಜೆ ಸಭೆ. ಮೇಷ್ಟ್ರು ಅಧ್ಯಕ್ಷರು, ಓನರಮ್ಮ ಸದಸ್ಯರು, ನಾನು ಕಾರ್ಯದರ್ಶಿ. ಸಭೆಯ ನಡವಳಿ ಬರೆದು ಮೂರು ಪ್ರತಿ ತೆಗೆದು ಫೈಲು ಮಾಡಿದೆ. ಮೇಷ್ಟ್ರು ಒಂದು ಹಾಳೆಯ ಮೇಲೆ ಗೆರೆ ಎಳೆದು ಸಾಬೀತು ಮಾಡಿದರು: “ನೋಡಿ, ದಿನಾ ಒಂದೇ ಹೊತ್ತಿಗೆ ಬರ್ತಾನೆ. ಅಂದ್ರೆ ಇವನು ಶಿಸ್ತಿನ ಮನುಷ್ಯ. ಒಂದೇ ಲೇಖನ ಒಯ್ತಾನೆ. ಅಂದ್ರೆ ಮಂದಬುದ್ಧಿ. ಶಿಸ್ತಿನ ಮಂದಬುದ್ಧಿ! ಸರ್ಕಾರಿ ನೌಕರನೇ ಇರಬೇಕು.”

ಓನರಮ್ಮ ನನ್ನ ಕಡೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಅದನ್ನೂ ಮಾಡಲಿಲ್ಲ, ಅಷ್ಟು ಅಮಾಯಕ.

ಭಾನುವಾರ ಅಕ್ಕನ ಫೋನು. ಅಕ್ಕ ಬೇರೆ ಊರಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇದ್ದಾಳೆ. ಭಾನುವಾರ ಹತ್ತು ನಿಮಿಷ ಮಾತಾಡುತ್ತಾಳೆ, ಅದರಲ್ಲಿ ಎಂಟು ನಿಮಿಷ ಅವಳ ಮಂಡಿನೋವು. ನನ್ನ ಮನೆಗೆ ಬಂದು ಏಳು ವರ್ಷ ಆಗಿತ್ತು.

“ನಿನ್ನ ಬರಹ ಕದ್ದನಾ? ಪಾಪ, ಅವನಿಗೆ ಎಂಥಾ ಗತಿ ಬಂದಿರಬೇಕೋ!” ಅಂತ ಮೊದಲು ನಕ್ಕಳು. ಆಮೇಲೆ ದನಿ ಬದಲಾಯಿತು. “ತಮಾಷೆ ಅಲ್ಲ ಕಣೋ. ಇವತ್ತು ಬರಹ, ನಾಳೆ ಮನೆಗೇ ನುಗ್ಗಿದ್ರೆ? ನೀನು ಒಬ್ಬನೇ ಇರೋದು. ಶನಿವಾರ ಬರ್ತೀನಿ. ಒಂದು ತಿಂಗಳು ಇದ್ದು ಹೋಗ್ತೀನಿ.”

ಒಂದು ತಿಂಗಳು! ನಾನು ಫೋನಿಟ್ಟು ದಿಂಬಿನ ಕವರ್ ಎಲ್ಲಾ ಒಗೆದು ಹಾಕಿದೆ.

ಇಷ್ಟಾದ ಮೇಲೆ ಠಾಣೆಗೆ ಹೋಗದಿದ್ದರೆ ಹೇಗೆ ಅಂತ ಮೇಷ್ಟ್ರು ಹಟ ಹಿಡಿದರು. ಹೋದೆವು. ದೂರು ಬರೆದುಕೊಳ್ಳುವ ರೈಟರ್ ಪೆನ್ನು ಬಿಚ್ಚಿದರು.

“ಏನು ಹೋಗಿದೆ?”

“ಬೆಡ್‌ಶೀಟ್ ಮಡಿಸುವ ವಿಧಾನ.”

“ಬೆಡ್‌ಶೀಟ್ ಹೋಗಿದೆ. ಬಣ್ಣ?”

“ಬೆಡ್‌ಶೀಟ್ ಮನೇಲಿದೆ ಸಾರ್.”

“ಮತ್ತೆ ವಿಧಾನ ಹೋಗಿದೆಯಾ?”

“ಅದೂ ಇದೆ.”

ರೈಟರ್ ಪೆನ್ನು ಮುಚ್ಚಿದರು. “ಎಲ್ಲಾ ಇದ್ದ ಮೇಲೆ ಹೋಗಿದ್ದೇನ್ರೀ?”

“ಪ್ರತಿ ಸಾರ್.”

“ನಿಮ್ಮ ಹತ್ತಿರ ಪ್ರತಿ ಇಲ್ವಾ?”

“ಮೂರಿದೆ.”

ರೈಟರ್ ದೂರಿನ ಪುಸ್ತಕ ಪಕ್ಕಕ್ಕೆ ಸರಿಸಿದರು. ಕೊನೆಗೆ ಮೆತ್ತಗೆ ಕೇಳಿದರು: “ಮನೇಲಿ ಯಾರ್ ಯಾರಿದೀರಿ?”

“ನಾನೊಬ್ಬನೇ.”

“ಹೂಂ,” ಅಂದರು. “ಮೊದಲು ಯಾರು ಅಂತ ಕಂಪ್ಯೂಟರ್ ಗೊತ್ತಿರೋರ ಹತ್ರ ಪತ್ತೆ ಮಾಡಿಸಿ. ಆಮೇಲೆ ಬನ್ನಿ.” ಎರಡು ಟೀ ತರಿಸಿ ಕುಡಿಸಿಯೇ ಕಳಿಸಿದರು.

ಹಾಗೆ ಹನ್ನೊಂದನೇ ದಿನ, ಗುರುವಾರ ಬೆಳಿಗ್ಗೆ, ಅಂಗಡಿಯವರು ಬಂದು ಕೂತರು. ಕೀಲಿಗಳನ್ನು ಟಕಟಕ ಕುಟ್ಟಿದರು. ಒಮ್ಮೆ ಬೋಳು ತಲೆ ಕೆರೆದರು, ಒಮ್ಮೆ ನನ್ನ ಮುಖ ನೋಡಿದರು.

“ಸರ್, ಮೊದಲನೇ ಸಾಫ್ಟ್‌ವೇರು ಎಷ್ಟು ಹೊತ್ತಿಗೆ ಕಾಪಿ ತೆಗೀಬೇಕು ಅಂತ ಇಟ್ಟಿದೀರಿ?”

“ಆರು ಹತ್ತಕ್ಕೆ. ನಾನು ಏಳೋ ಹೊತ್ತು.”

ಅವರು ಕೀಲಿಗಳ ಮೇಲಿಂದ ಕೈ ತೆಗೆದರು. ನನ್ನ ತಲೆಯೊಳಗೆ ಇಪ್ಪತ್ತಾರು ವರ್ಷದ ಸರ್ವೀಸು ನಿಧಾನವಾಗಿ ಕೆಲಸ ಮಾಡಿತು.

“ಕಳ್ಳ ನೀವೇ ಸರ್,” ಅಂದರು ಅಂಗಡಿಯವರು. “ಒಂದು ಸಾಫ್ಟ್‌ವೇರ್ ಕದೀತಿದೆ, ಇನ್ನೊಂದು ಚಾಡಿ ಹೇಳ್ತಿದೆ. ಬೇಲಿನೇ ಎದ್ದು ಹೊಲ ಮೇಯ್ದಿದೆ. ಒಂದು ಬಟನ್ ಒತ್ತಿದ್ರೆ ನಿಲ್ಲುತ್ತೆ, ಒತ್ತಲಾ?”

ನಾನು ಅವರ ಕೈ ಹಿಡಿದುಕೊಂಡೆ. “ಬೇಡ.”

“ಅಲ್ಲ ಸರ್…”

“ನಾಡಿದ್ದು ನಮ್ಮಕ್ಕ ಬರ್ತಾಳೆ. ಏಳು ವರ್ಷ ಆದ ಮೇಲೆ. ಕಳ್ಳ ಇದಾನೆ ಅಂತ ಬರ್ತಿದಾಳೆ. ನಿಮ್ಮ ದಮ್ಮಯ್ಯ, ಯಾರಿಗೂ ಹೇಳಬೇಡಿ.”

ಅಂಗಡಿಯವರ ಅವಸರ ಎಲ್ಲೋ ಹೋಯಿತು. ಚೀಲ ಎತ್ತಿಕೊಂಡು, ಬಾಗಿಲ ಹತ್ತಿರ ನಿಂತು, “ಆಗಲಿ ಸರ್. ಆದ್ರೆ ಹುಷಾರು,” ಅಂದು ಮೆಟ್ಟಿಲಿಳಿದರು.

ಹುಷಾರಾಗಿರುವ ಬದಲು ನಾನು ಕಳ್ಳನಿಗೆ ಬಡ್ತಿ ಕೊಟ್ಟೆ. ಬೆಳಿಗ್ಗೆ ಒಂದು ಪಾಳಿ ಇತ್ತಲ್ಲ, ಸಂಜೆ ಐದೂವರೆಗೆ ಇನ್ನೊಂದು ಪಾಳಿ ಹಾಕಿದೆ, ಸಭೆ ತುಂಬಿದ ಹೊತ್ತಿಗೆ ಸರಿಯಾಗಿ ಮೇಲ್ ಬರಲಿ ಅಂತ. ಶುಕ್ರವಾರ ಐದೂವರೆಗೆ ‘ಟಿಣ್’ ಅಂದಿದ್ದೇ ತಡ, ಓನರಮ್ಮ ಚೀರಿ ತಿಂಡಿ ಡಬ್ಬಿ ಬೀಳಿಸಿದರು. ಮೇಷ್ಟ್ರು ಎದ್ದು ನಿಂತು ಕಂಪ್ಯೂಟರಿನ ಕಡೆ ಬೆರಳು ತೋರಿಸಿ, “ಹಗಲುಗಳ್ಳ! ನಮ್ಮೆದುರೇ!” ಅಂದರು. ನಾನೂ “ಛೆ ಛೆ, ಎಂಥ ಧೈರ್ಯ” ಅಂದೆ. ನಾಚಿಕೆ ಆಗಲಿಲ್ಲವಾ ಅಂದರೆ, ಆಯಿತು. ಆದರೆ ಆ ಸಂಜೆ ಅವರಿಬ್ಬರೂ ಎಂಟು ಗಂಟೆವರೆಗೆ ಕೂತಿದ್ದರು.

ಶನಿವಾರ ಅಕ್ಕ ಬಂದಳು. ಬಂದವಳೇ ಸೌಟನ್ನು ಹುಡುಕಿ ತೆಗೆದು ಕಸದ ಬುಟ್ಟಿಗೆ ಹಾಕಿದಳು. “ತಿರುಗು,” ಅಂದಳು. ನನ್ನ ಅಂಗಿ ಎತ್ತಿ, ಬೈಯುತ್ತಾ ಬೈಯುತ್ತಾ, ಕೈಯಿಂದ ಮುಲಾಮು ಹಚ್ಚಿದಳು. ನನ್ನ ಬೆನ್ನನ್ನು ಇನ್ನೊಬ್ಬರು ಮುಟ್ಟಿ ಎಷ್ಟು ವರ್ಷ ಆಗಿತ್ತೋ. ಕಣ್ಣಲ್ಲಿ ನೀರು ತುಂಬಿಕೊಂಡಿತು. “ಏನೋ?” ಅಂದಳು. “ಮುಲಾಮು ಉರಿ,” ಅಂದೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಓನರಮ್ಮ ಬಟ್ಟೆ ಒಣಹಾಕೋಕೆ ತಾರಸಿಗೆ ಹೋದವರು ಬುಟ್ಟಿ ಅಲ್ಲೇ ಬಿಟ್ಟು ಓಡಿಬಂದರು. ಏದುಸಿರು.

“ಸಿಕ್ಕಿಬಿದ್ದ! ಸಿಕ್ಕಿಬಿದ್ದ! ಮೇಲಿನ ಟೈಲರು! ಬೆಡ್‌ಶೀಟ್ ಮಡಿಸ್ತಿದಾನೆ, ಗದ್ದದ ಕೆಳಗೆ ಇಟ್ಕೊಂಡು, ಮೊಳೆಗೆ ಸಿಗಿಸಿ, ಮಂಡಿ ಮಧ್ಯದಲ್ಲಿ! ನಿಮ್ಮದೇ ವಿಧಾನ!”

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು, ಓನರಮ್ಮ, ಮಂಡಿನೋವಿನ ಅಕ್ಕ ಎಲ್ಲರೂ ಮೆಟ್ಟಿಲ ಮೇಲೆ. ಹಿಂದಿನಿಂದ ನಾನು.

ಟೈಲರ್ ನನ್ನದೇ ವಯಸ್ಸಿನ ಮನುಷ್ಯ. ಕುತ್ತಿಗೆಯಲ್ಲಿ ಟೇಪು, ಕೈಯಲ್ಲಿ ಅರ್ಧ ಮಡಿಸಿದ ಬೆಡ್‌ಶೀಟು. ಕೋಣೆಯೊಳಗೆ ಒಂದು ಮಿಷನ್, ಒಂದು ಮಂಚ, ಗಂಟು ಗಂಟು ಪ್ಯಾಂಟುಗಳು. ಗೋಡೆಯ ಮೇಲೆ ಬಟ್ಟೆ ಕತ್ತರಿಸೋಕೆ ಬಳಸುವ ಕಂದು ಕಾಗದ ಅಂಟಿಸಿದೆ. ಅದರ ಮೇಲೆ ಪೆನ್ಸಿಲ್ಲಿನಲ್ಲಿ, ದುಂಡಗಿನ ಅಕ್ಷರದಲ್ಲಿ, ನನ್ನ ಲೇಖನ. ಪೂರ್ತಿ. ಮೇಷ್ಟ್ರು ಕನ್ನಡಕ ಏರಿಸಿ ಬೆರಳಿಟ್ಟು ಎಣಿಸೋಕೆ ನಿಂತರು. ಎಲ್ಲರೂ ಉಸಿರು ಬಿಗಿಹಿಡಿದು ಕಾದೆವು.

“ಮುನ್ನೂರ ಹನ್ನೆರಡು!” ಅಂತ ಮೇಷ್ಟ್ರು ಕೂಗಿದರು.

“ಇನ್ನೇನು ಬೇಕು?” ಅಂದರು ಓನರಮ್ಮ. “ರೀ ಟೈಲರ್, ಈ ತಿಂಗಳು ಮುಗಿಯೋದ್ರೊಳಗೆ ಕೋಣೆ ಖಾಲಿ ಮಾಡಿ. ಕಳ್ಳರಿಗೆ ನಮ್ಮಲ್ಲಿ ಜಾಗ ಇಲ್ಲ.”

ಟೈಲರ್ ಒಬ್ಬೊಬ್ಬರ ಮುಖ ನೋಡಿದರು. “ಫೋನಲ್ಲಿ ಓದಿದೆ. ಮರೆತುಹೋಗುತ್ತೆ ಅಂತ ಬರ್ಕೊಂಡೆ. ಓದೋದು ತಪ್ಪಾ?”

“ಓದೋದು ತಪ್ಪಲ್ಲ, ದಿನಾ ಎರಡು ಸಲ ಕದಿಯೋದು ತಪ್ಪು!” ಅಂದರು ಮೇಷ್ಟ್ರು. “ನಾನು ಠಾಣೆಗೆ ಫೋನ್ ಮಾಡ್ತೀನಿ.”

ನನಗೆ ಆಗ ಹೊಳೆಯಿತು. ಇಡೀ ಲೋಕದಲ್ಲಿ, ಕಳ್ಳನ ಸುದ್ದಿ ಕೇಳದೆ, ತಾನಾಗಿ ನನ್ನ ಪುಟ ಓದಿದ ಒಬ್ಬನೇ ಒಬ್ಬ ಮನುಷ್ಯ ಇವರು. ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಕ್ಕೆ ಯಾವ ಸಾಫ್ಟ್‌ವೇರೂ ಮೇಲ್ ಕಳಿಸಲಿಲ್ಲ. ನಾನು ಸುಮ್ಮನಿದ್ದರೆ ಅಕ್ಕ ಒಂದು ತಿಂಗಳು ಇರುತ್ತಾಳೆ, ಕುರ್ಚಿಗಳು ತುಂಬಿರುತ್ತವೆ, ಈ ಮನುಷ್ಯ ಗಂಟು ಕಟ್ಟಿಕೊಂಡು ಬೀದಿಗೆ ಹೋಗುತ್ತಾರೆ. ಹೇಳಿದರೆ ಎಲ್ಲಾ ಹೋಗುತ್ತದೆ.

“ಕಳ್ಳ ಅವರಲ್ಲ,” ಅಂದೆ. “ನಾನು.”

“ನೋಡಿದ್ರಾ, ಮೊದಲಿಂದಲೂ ಇವನದು ಮೆತ್ತನೆ ಕರುಳು,” ಅಂದಳು ಅಕ್ಕ. “ಕಳ್ಳನನ್ನ ಉಳಿಸೋಕೆ ತನ್ನ ಮೇಲೆ ಹಾಕ್ಕೊಳ್ತಿದಾನೆ.”

ಯಾರೂ ನಂಬಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ಹೆಸರು ಮೊದಲು ಬಂದಿದ್ದೇ ಆಗ. ಕೊನೆಗೆ ಎಲ್ಲರನ್ನೂ ಕೆಳಗೆ ಕರೆದುಕೊಂಡು ಹೋಗಿ, ಕಂಪ್ಯೂಟರ್ ಮುಂದೆ ನಿಲ್ಲಿಸಿ, ಮೊದಲನೇ ಸಾಫ್ಟ್‌ವೇರಿನ ‘ಈಗಲೇ ಕಾಪಿ ತೆಗಿ’ ಅನ್ನೋ ಬಟನ್ ನಾನೇ ಒತ್ತಿದೆ. ಪುಟ ತೆರೆಯಿತು, ಅಕ್ಷರಗಳೆಲ್ಲ ನೀಲಿಯಾದವು, ಕಾಪಿ ಆಯಿತು. ‘ಟಿಣ್’. ಇನ್ನೊಮ್ಮೆ ಒತ್ತಿದೆ. ‘ಟಿಣ್’.

“ಅಂದ್ರೆ,” ಅಂದರು ಮೇಷ್ಟ್ರು, ಗಂಟಲು ಸರಿಮಾಡಿಕೊಂಡು, “ನಾನು ಠಾಣೆಗೆ ಬಂದಿದ್ದು, ಗೆರೆ ಎಳೆದಿದ್ದು, ಎಲ್ಲಾ…”

“ಗುರುವಾರದವರೆಗೆ ನನಗೂ ಗೊತ್ತಿರಲಿಲ್ಲ ಮೇಷ್ಟ್ರೇ.”

“ಇವತ್ತು ಭಾನುವಾರ,” ಅಂದರು ಮೇಷ್ಟ್ರು. ಲೆಕ್ಕದ ಮೇಷ್ಟ್ರಲ್ಲವೇ, ಆ ಮೂರು ದಿನ ಅವರಿಂದ ತಪ್ಪಿಸಿಕೊಳ್ಳಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿಕೊಂಡರು. ಓನರಮ್ಮ ಅಡುಗೆಮನೆಗೆ ಹೋಗಿ, ತಮ್ಮ ಡಬ್ಬಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿಕೊಂಡು ಇಳಿದು ಹೋದರು. ಮಾಡಿದ್ದುಣ್ಣೋ ಮಹರಾಯ!

ಅಕ್ಕ ಚೀಲಕ್ಕೆ ಸೀರೆ ತುಂಬುತ್ತಿದ್ದಳು. “ಮೊಮ್ಮಗಳ ಪರೀಕ್ಷೆ ಬಿಟ್ಟು ಬಂದೆ ನಾನು. ‘ಅಕ್ಕಾ, ಒಬ್ಬನೇ ಇರೋಕಾಗ್ತಿಲ್ಲ, ಬಾ’ ಅಂತ ಒಂದು ಮಾತು ಹೇಳೋಕೆ ನಿನಗೆ ಕಳ್ಳ ಬೇಕಾಯ್ತೇನೋ?”

“ಹೇಳಿದ್ರೆ ಬರ್ತಿದ್ಯಾ?”

ಅವಳು ಜಿಪ್ ಎಳೆಯುವುದನ್ನು ನಿಲ್ಲಿಸಿದಳು. ಹೊರಡುವ ಮುಂಚೆ ಇನ್ನೊಂದು ಸಲ ಬೆನ್ನಿಗೆ ಮುಲಾಮು ಹಚ್ಚಿ ಹೋದಳು.

ಬಸ್ಸಿಗೆ ಹತ್ತಿಸಿ ಬಂದು ನಾನು ನೇರ ತಾರಸಿಗೆ ಹತ್ತಿದೆ. ಟೈಲರ್ ಮಿಷನ್ ಮುಂದೆ ಕೂತಿದ್ದರು, ಆದರೆ ಹೊಲಿಯುತ್ತಿರಲಿಲ್ಲ. ಕಂದು ಕಾಗದ ಗೋಡೆ ಮೇಲಿರಲಿಲ್ಲ.

“ತಪ್ಪಾಯ್ತು,” ಅಂದೆ. “ದಯವಿಟ್ಟು ಓದೋದು ನಿಲ್ಲಿಸಬೇಡಿ. ನಿಮ್ಮನ್ನ ಬಿಟ್ರೆ ನನಗೆ ಓದುಗರೇ ಇಲ್ಲ.”

ಅವರು ತಲೆ ಎತ್ತಿದರು. “ನಾನು ಅದನ್ನ ದೂರದವರು ಯಾರೋ ಬರೀತಾರೆ ಅಂದ್ಕೊಂಡಿದ್ದೆ. ನಮ್ಮನೆಯವಳು ಹೋದ ಮೇಲೆ ಬೆಡ್‌ಶೀಟ್ ಮಡಿಸೋಕೆ ಬರ್ತಿರಲಿಲ್ಲ, ಮುದ್ದೆ ಮಾಡಿ ಬಿಸಾಕ್ತಿದ್ದೆ. ನಿಮ್ಮದು ಓದಿ ಕಲಿತೆ. ಎಲ್ಲೋ ಇನ್ನೊಬ್ಬ ನನ್ನ ಥರ ಒದ್ದಾಡ್ತಿದಾನಲ್ಲಾ ಅಂತ ಒಂದು ಧೈರ್ಯ ಇತ್ತು.” ಟೇಪನ್ನು ಬೆರಳಿಗೆ ಸುತ್ತಿಕೊಂಡರು. “ನೋಡಿದ್ರೆ ನೀವು ನನ್ನ ಕಾಲ ಕೆಳಗೇ ಇದೀರಿ. ನಾಲ್ಕು ವರ್ಷದಲ್ಲಿ ಒಂದು ದಿನ ‘ಊಟ ಆಯ್ತಾ’ ಅಂತ ಕೇಳಿಲ್ಲ ನೀವು. ಮಿಷನ್ ಸದ್ದಾದ್ರೆ ಕೆಳಗಿಂದ ಕುಟ್ಟೋದು ಗೊತ್ತು.”

ಯಾರೂ ಬರಲ್ಲ, ಯಾರೂ ಬರಲ್ಲ ಅಂತ ಇಷ್ಟು ವರ್ಷ ಗೊಣಗಿದವನು ನಾನು. ಹದಿನಾರು ಮೆಟ್ಟಿಲು ಹತ್ತಿರಲಿಲ್ಲ.

“ಊಟ ಆಯ್ತಾ?” ಅಂದೆ.

ಆಗ ಮಧ್ಯಾಹ್ನ ಮೂರೂವರೆ. “ಆಯ್ತು,” ಅಂದು ಅವರು ಬಾಗಿಲು ಹಾಕಿಕೊಂಡರು.

ಮಾರನೇ ದಿನ ಕಚೇರಿಯಿಂದ ಬಂದು ಮತ್ತೆ ಹತ್ತಿದೆ, ಮತ್ತೆ ಕೇಳಿದೆ. “ಆಯ್ತು.” ಬಾಗಿಲು. ಅದರ ಮಾರನೇ ದಿನವೂ ಅದೇ. ಮೆಟ್ಟಿಲಲ್ಲಿ ಸಿಕ್ಕಾಗ ಮೇಷ್ಟ್ರು, “ಇದೇನ್ರೀ ಹೊಸ ಡ್ಯೂಟಿ?” ಅಂತ ಹಂಗಿಸಿದರು. ನಾನು ಹತ್ತುವುದು ನಿಲ್ಲಿಸಲಿಲ್ಲ. ಮೂರು ವಾರ ಹೀಗೇ ನಡೆಯಿತು. ಏಳು ಗಂಟೆಗೆ ಹತ್ತುವುದು, ಕೇಳುವುದು, ‘ಆಯ್ತು’ ಅನ್ನಿಸಿಕೊಂಡು ಇಳಿಯುವುದು.

ನಿನ್ನೆಯೂ ಹತ್ತಿದೆ. “ಊಟ ಆಯ್ತಾ?” ಅಂದೆ.

“ಇನ್ನೂ ಇಲ್ಲ,” ಅಂದರು ಟೈಲರ್.

“ಸರಿ ಹಾಗಾದ್ರೆ,” ಅಂದು ನಾನು ಅಭ್ಯಾಸಬಲದಿಂದ ತಿರುಗಿ ಇಳಿದುಬಿಟ್ಟೆ. ಎಂಟು ಮೆಟ್ಟಿಲು ಇಳಿದ ಮೇಲೆ ಅವರು ಏನಂದರು ಅನ್ನೋದು ತಲೆಗೆ ಹೋಯಿತು. ಅಲ್ಲೇ ನಿಂತೆ. ಮೇಲೆ ಬಾಗಿಲು ಹಾಕಿದ ಸದ್ದು ಇನ್ನೂ ಕೇಳಿರಲಿಲ್ಲ. ಒಂದೇ ಉಸಿರಿಗೆ ಎಂಟೂ ಮೆಟ್ಟಿಲು ವಾಪಸ್ ಹತ್ತಿದೆ.